ವೀಸಾ ಬೇಡ ನಿಜ, ಲೆಕ್ಕ ಬೇಕಲ್ಲ!

ಯಜಮಾನರು ಮಲೇಷ್ಯಾದಲ್ಲಿ, ನೀವು ಬೆಂಗಳೂರಿನಲ್ಲಿ. ವೀಸಾ ತಾಪತ್ರಯ ಇಲ್ಲ ಅಂತ ತಿಂಗಳಿಗೊಮ್ಮೆ ವಿಮಾನ ಹತ್ತುವ ಮುನ್ನ ಇಲ್ಲೊಮ್ಮೆ ಕಣ್ಣಾಡಿಸಿ.

ಮೊದಲೆಲ್ಲ ಗಂಡ ಹೊರದೇಶದಲ್ಲಿದ್ದಾನೆ ಎಂದರೆ ಎರಡು ವರ್ಷಕ್ಕೊಮ್ಮೆ ಬರುವ ರಜೆಗಾಗಿ ಕ್ಯಾಲೆಂಡರ್ ಹರಿಯುತ್ತಾ ಕೂರಬೇಕಿತ್ತು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಹೀಗೆಯೇ ಸಂಸಾರ ತೂಗಿಸಿದ್ದಾರೆ. ಈಗ ಕಾಲ ಬದಲಾಗಿದೆ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನವಿದೆ, ಸುಮಾರು ನಾಲ್ಕು ಗಂಟೆಯ ದಾರಿ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುವುದಕ್ಕಿಂತ ಬೇಗ ಗಂಡನ ಮನೆ ಬಾಗಿಲು ತಟ್ಟಬಹುದು! ಅದರ ಮೇಲೆ, 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಮಲೇಷ್ಯಾ 30 ದಿನಗಳ ವೀಸಾರಹಿತ ಪ್ರವೇಶ ಕೊಟ್ಟಿತು. ಆಮೇಲೆ ಅದನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು.

ಸರಿ, ಇನ್ನೇನು? ಟಿಕೆಟ್ ಅಗ್ಗಕ್ಕೆ ಸಿಕ್ಕಾಗ ಹೊರಡುವುದು, ತಿಂಗಳು ಇದ್ದು ಬರುವುದು, ವಾರ ಬಿಟ್ಟು ಮತ್ತೆ ಹೋಗುವುದು. ಮೊದಲ ಸಲ ಏನೂ ಆಗುವುದಿಲ್ಲ. ಎರಡನೇ ಸಲವೂ ಸುಗಮ. ನಾಲ್ಕನೇ ಸಲ ಕೌಂಟರಿನಲ್ಲಿ ಕೂತವರು ಪಾಸ್‌ಪೋರ್ಟಿನ ಪುಟಗಳನ್ನು ಹಿಂದೆ ಮುಂದೆ ತಿರುವಿ, ಕಂಪ್ಯೂಟರ್ ಪರದೆ ನೋಡಿ, "ಸ್ವಲ್ಪ ಪಕ್ಕಕ್ಕೆ ಬನ್ನಿ" ಅಂದರೆ? ಕೈಯಲ್ಲಿ ಮಗು, ಗಾಜಿನ ಗೋಡೆಯಾಚೆ ಕಾಯುತ್ತಿರುವ ಗಂಡ. ಆ ಹೊತ್ತಿನಲ್ಲಿ ಗಾಬರಿ ಬೀಳುವುದಕ್ಕಿಂತ ಈಗಲೇ ನಾಲ್ಕು ಮಾತು ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ?

ವೀಸಾ ಬೇಡ ಅಂದರೇನು?

ಇಲ್ಲೇ ಬಹಳ ಜನ ಎಡವುವುದು. ವೀಸಾ ಬೇಡ ಎಂದರೆ ಹೊರಡುವ ಮುಂಚೆ ಅರ್ಜಿ ಹಾಕಿ ಒಪ್ಪಿಗೆ ಪಡೆಯುವುದು ಬೇಡ ಎಂದಷ್ಟೇ. ಒಳಗೆ ಬಿಡಲೇಬೇಕು ಎಂಬ ಹಕ್ಕು ನಮಗೆ ಸಿಕ್ಕಿತು ಅಂತ ಅಲ್ಲ. ಒಳಗೆ ಬಿಡುವುದೋ ಬೇಡವೋ ಎಂಬ ತೀರ್ಮಾನ ಆಗುವುದು ವಿಮಾನ ಇಳಿದ ಮೇಲೆ, ಇಮಿಗ್ರೇಷನ್ ಕೌಂಟರಿನಲ್ಲಿ.

ಇನ್ನೊಂದು ರೀತಿ ನೋಡಿದರೆ, ವೀಸಾ ಇದ್ದವರ ಕಾಗದಪತ್ರಗಳನ್ನು ಯಾರೋ ಒಬ್ಬರು ಮೊದಲೇ ಪರಿಶೀಲಿಸಿರುತ್ತಾರೆ. ವೀಸಾ ಇಲ್ಲದೆ ಹೋಗುವವರದ್ದು ಯಾರೂ ನೋಡಿರುವುದಿಲ್ಲ. ಹಾಗಾಗಿ ಇಡೀ ಪರೀಕ್ಷೆ ಆ ಎರಡು ನಿಮಿಷದಲ್ಲೇ ನಡೆಯುತ್ತದೆ. ಸುಲಭವಾಗಿ ಸಿಕ್ಕಿದ್ದಕ್ಕೇ ತಯಾರಿ ಜಾಸ್ತಿ ಬೇಕು.

ಇದು ಬರೀ ಹೆದರಿಸುವ ಮಾತಲ್ಲ. 2025ರ ಜುಲೈನಲ್ಲಿ ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಒಂದೇ ತಪಾಸಣೆಯಲ್ಲಿ ನೂರಕ್ಕೂ ಹೆಚ್ಚು ವಿದೇಶೀಯರನ್ನು ಒಳಗೆ ಬಿಡದೆ ವಾಪಸ್ ಕಳಿಸಿದರು. ತಿಂಗಳು ಇರುತ್ತೇವೆ ಅಂದವರ ಕೈಯಲ್ಲಿ ಖರ್ಚಿಗೆ ಸಾಕಾಗುವಷ್ಟು ಹಣವಿಲ್ಲ, ಹೋಟೆಲ್ ಬುಕಿಂಗ್ ನಂಬುವಂತಿಲ್ಲ ಎನ್ನುವುದು ಅಧಿಕಾರಿಗಳು ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಪ್ರವಾಸಿ ಎಂದು ಹೇಳಿಕೊಂಡು ಕೆಲಸಕ್ಕೆ ಸೇರುವವರನ್ನು ಹಿಡಿಯಲು ಹಾಕಿದ ಬಲೆ ಅದು. ಆದರೆ ಬಲೆಗೆ ಯಾವ ಮೀನು ಅಂತ ಗೊತ್ತಾಗುವುದಿಲ್ಲ ನೋಡಿ.

ಅಧಿಕಾರಿಯ ಲೆಕ್ಕ ಹೇಗಿರುತ್ತೆ?

ನಾವು ಹಾಕುವ ಲೆಕ್ಕ: "ಒಂದು ಸಲಕ್ಕೆ 30 ದಿನ. ನಾನು 28ಕ್ಕೇ ವಾಪಸ್ ಬಂದಿದ್ದೇನೆ. ತಪ್ಪೇನಿದೆ?"

ಅವರು ಹಾಕುವ ಲೆಕ್ಕವೇ ಬೇರೆ. ಜಯನಗರದ ಒಬ್ಬ ಗೃಹಿಣಿ 28 ದಿನ ಅಲ್ಲಿದ್ದು, ಐದು ದಿನ ಊರಿಗೆ ಬಂದು, ಮತ್ತೆ 28 ದಿನಕ್ಕೆ ಹೋದರು ಎಂದಿಟ್ಟುಕೊಳ್ಳಿ. ಹೀಗೆ ನಾಲ್ಕು ಸಲವಾದರೆ ಅಲ್ಲಿ ಕಳೆದದ್ದು 112 ದಿನ, ನಡುವೆ ಇಲ್ಲಿದ್ದದ್ದು 15 ದಿನ. ಒಂದು ಸಲವೂ ಅವಧಿ ಮೀರಿಲ್ಲ. ಆದರೆ ಐದನೇ ಸಲ ಅಧಿಕಾರಿಯ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: "ಈಕೆ ನಮ್ಮ ದೇಶಕ್ಕೆ ಬಂದು ಹೋಗುತ್ತಿದ್ದಾಳೋ, ಇಲ್ಲೇ ಇದ್ದುಕೊಂಡು ಊರಿಗೆ ಹೋಗಿ ಬರುತ್ತಿದ್ದಾಳೋ?"

ಅದೇ ಇನ್ನೊಬ್ಬ ಗೃಹಿಣಿ ಮೂರು ತಿಂಗಳಿಗೊಮ್ಮೆ ಹತ್ತು ದಿನ ಹೋಗಿ ಬಂದರೆ ವರ್ಷಕ್ಕೆ 40 ದಿನ. ದಸರಾ ರಜೆ, ಕ್ರಿಸ್‌ಮಸ್ ರಜೆ, ಬೇಸಿಗೆ ರಜೆ, ಗಂಡನ ಹುಟ್ಟುಹಬ್ಬ ಅಂತ ಪ್ರತಿ ಸಲಕ್ಕೂ ಒಂದು ಕಾರಣ ಇರುತ್ತದೆ. ಪಾಸ್‌ಪೋರ್ಟ್ ನೋಡಿದವರಿಗೆ ಇದು ಸಂಸಾರಸ್ಥೆಯ ಭೇಟಿ ಅಂತ ತಾನಾಗಿಯೇ ಅರ್ಥವಾಗುತ್ತದೆ.

ವರ್ಷಕ್ಕೆ ಇಷ್ಟೇ ಸಲ ಬರಬಹುದು ಎಂದು ವಿನಾಯಿತಿಯಲ್ಲಿ ಸಂಖ್ಯೆ ಕಟ್ಟಿಲ್ಲ. ಅದು ಅನುಕೂಲವೂ ಹೌದು, ತೊಂದರೆಯೂ ಹೌದು. ಸಂಖ್ಯೆ ಇಲ್ಲದ ಕಡೆ ಅಧಿಕಾರಿಯ ವಿವೇಚನೆಯೇ ನಿಯಮ. ಆದ್ದರಿಂದ ನಿಮಗೆ ನೀವೇ ಒಂದು ಕಟ್ಟು ಹಾಕಿಕೊಳ್ಳಿ: ಅಲ್ಲಿ ಎಷ್ಟು ದಿನ ಇದ್ದಿರೋ ಕಡೇ ಪಕ್ಷ ಅಷ್ಟೇ ದಿನ, ಸಾಧ್ಯವಾದರೆ ಅದರ ಎರಡರಷ್ಟು, ಊರಲ್ಲಿದ್ದು ಆಮೇಲೆ ಹೊರಡಿ. ಇದು ಕಾನೂನಲ್ಲ, ಕೈಕಾವಲು.

ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಹಳೆಯ ಮುದ್ರೆಗಳು ಕಾಣುವುದಿಲ್ಲವಲ್ಲ ಎಂದು ಕೆಲವರು ಉಪಾಯ ಹೇಳಿಕೊಡುತ್ತಾರೆ. ಕಿವಿಗೊಡಬೇಡಿ. ಮಲೇಷ್ಯಾದಲ್ಲಿ 2011ರಿಂದಲೇ ಒಳಬರುವ ವಿದೇಶೀಯರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದಾರೆ. ಪುಸ್ತಕ ಬದಲಾದರೂ ಬೆರಳು ಬದಲಾಗುತ್ತದೆಯೇ?

ದಿನ ಎಣಿಸುವಾಗ ಹುಷಾರು

ನೀವು ಒಳಗೆ ಹೋದ ದಿನವನ್ನೇ ಒಂದನೇ ದಿನ ಎಂದು ಎಣಿಸಿ. ಬೆಂಗಳೂರಿನಿಂದ ರಾತ್ರಿ ಹನ್ನೊಂದಕ್ಕೆ ಹೊರಟರೆ ಅಲ್ಲಿ ಇಳಿಯುವುದು ಮಾರನೆಯ ಬೆಳಗ್ಗೆ. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ವಾಪಸ್ ಬರುವಾಗಲೂ ಅಷ್ಟೆ, ಮಧ್ಯರಾತ್ರಿ ಕಳೆದು ಹೊರಡುವ ವಿಮಾನವಾದರೆ ತಾರೀಕು ಬದಲಾಗಿರುತ್ತದೆ. ಹಾಗಾಗಿ 30ನೇ ದಿನಕ್ಕೆ ಟಿಕೆಟ್ ಮಾಡಿಸಲೇಬೇಡಿ. ವಿಮಾನ ರದ್ದಾದರೆ, ಮಗುವಿಗೆ ಜ್ವರ ಬಂದರೆ ಅಂತ ಎರಡು ಮೂರು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಒಳಗೆ ಬಿಟ್ಟಾಗ ಎಷ್ಟು ದಿನ ಕೊಟ್ಟಿದ್ದಾರೆ ಎಂಬುದನ್ನು ಕೌಂಟರ್ ದಾಟುವಾಗಲೇ ನೋಡಿಕೊಳ್ಳುವ ಅಭ್ಯಾಸವಿರಲಿ.

ಒಂದೆರಡು ದಿನ ಹೆಚ್ಚಾದರೆ ದಂಡ ಕಟ್ಟಿದರಾಯಿತು ಎನ್ನುವ ಉಡಾಫೆ ಬೇಡ. ಅಲ್ಲಿನ ವಲಸೆ ಕಾನೂನಿನಲ್ಲಿ ಅವಧಿ ಮೀರಿ ಉಳಿಯುವುದು ಅಪರಾಧ. ನ್ಯಾಯಾಲಯದ ಮೆಟ್ಟಿಲು ಹತ್ತಿದರೆ 10,000 ರಿಂಗಿಟ್‌ಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಐದು ವರ್ಷದವರೆಗೆ ಸೆರೆವಾಸ, ಅಥವಾ ಎರಡೂ ವಿಧಿಸಲು ಅವಕಾಶವಿದೆ. ಆಸ್ಪತ್ರೆಗೆ ಸೇರಿದಂಥ ಬಲವಾದ ಕಾರಣವಿದ್ದರೆ ಅವಧಿ ಮುಗಿಯುವ ಮುಂಚೆಯೇ ವೈದ್ಯರ ಪತ್ರ ಹಿಡಿದು ಇಮಿಗ್ರೇಷನ್ ಕಚೇರಿಗೆ ಹೋಗಿ ಕೇಳಿಕೊಳ್ಳಬೇಕು. ಮುಗಿದ ಮೇಲೆ ಹೋದರೆ ಕಾರಣ ಎಷ್ಟೇ ನಿಜವಾದರೂ ನೀವು ತಪ್ಪಿತಸ್ಥರೇ.

ಗಂಡನ ವಿಷಯ ಹೇಳಬೇಕೋ, ಬೇಡವೋ?

"ಗಂಡ ಇಲ್ಲಿದ್ದಾರೆ ಅಂತ ಹೇಳಿದರೆ ಅನುಮಾನ ಬರುತ್ತೆ, ಸುಮ್ಮನೆ ಟೂರಿಸ್ಟ್ ಅಂದುಬಿಡಿ" ಎಂದು ಸಲಹೆ ಕೊಡುವವರು ಪಕ್ಕದ ಮನೆಯಲ್ಲೇ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವೀಸಾ ಇಲ್ಲದೆ ಹೋದವರಿಗೆ ಅಲ್ಲಿ ಸಿಗುವುದು ಸೋಷಿಯಲ್ ವಿಸಿಟ್ ಪಾಸ್. ಬಂಧುಗಳನ್ನು ನೋಡಲು ಬರುವುದು ಅದರಲ್ಲಿ ಒಪ್ಪಿತವಾದ ಕಾರಣವೇ. ಗಂಡನನ್ನು ನೋಡಲು ಬಂದಿದ್ದೇನೆ ಎನ್ನುವುದು ತಪ್ಪಲ್ಲ. ಸುಳ್ಳು ಹೇಳಿ ಸಿಕ್ಕಿಬೀಳುವುದು ತಪ್ಪು. ಹೋಟೆಲ್ ಅಂದವರ ಮೊಬೈಲಿನಲ್ಲಿ "ಅಡುಗೆ ಗ್ಯಾಸ್ ಮುಗಿದಿದೆ, ಬರೋವಾಗ ಹೇಳ್ತೀನಿ" ಎಂಬ ಸಂದೇಶವಿದ್ದರೆ ಆಮೇಲೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ಉತ್ತರ ಚಿಕ್ಕದಾಗಿರಲಿ. ಯಾಕೆ ಬಂದಿರಿ? ಗಂಡನ ಜೊತೆ ಹನ್ನೆರಡು ದಿನ ಇರಲು. ಎಲ್ಲಿ ಉಳಿಯುತ್ತೀರಿ? ಇದು ಅವರ ವಿಳಾಸ. ಯಾವಾಗ ವಾಪಸ್? ಇಗೋ ಟಿಕೆಟ್. ಕೇಳಿದ್ದಕ್ಕಷ್ಟೇ ಉತ್ತರ, ನಮ್ಮ ಇಡೀ ಸಂಸಾರದ ಕಥೆ ಬೇಡ. ಇಂಗ್ಲಿಷ್ ತಡವರಿಸಿದರೆ ನಾಚಿಕೆ ಪಡಬೇಕಾಗಿಲ್ಲ. ಈ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ, ಸಾಕು.

ಇನ್ನೊಂದು ವಿಷಯ. ಈ ಪಾಸಿನಲ್ಲಿ ದುಡಿಯುವಂತಿಲ್ಲ. ಅಪಾರ್ಟ್‌ಮೆಂಟಿನ ನಾಲ್ಕು ಜನ ಹುಡುಗರಿಗೆ ಊಟದ ಡಬ್ಬಿ ಕೊಡುವುದು, ಪಕ್ಕದ ಮನೆ ಮಕ್ಕಳಿಗೆ ದುಡ್ಡು ತಗೊಂಡು ಸಂಗೀತ ಹೇಳಿಕೊಡುವುದು, ಪರಿಚಯದವರ ಅಂಗಡಿಯಲ್ಲಿ ಕೂತುಕೊಳ್ಳುವುದು ಎಲ್ಲವೂ ದುಡಿಮೆಯೇ. ಕೈಖರ್ಚಿಗೆ ಆಯ್ತು ಅಂತ ಶುರು ಮಾಡಿದ್ದು ಗಂಡನ ಕೆಲಸಕ್ಕೂ ಕುತ್ತು ತರಬಹುದು.

ಸೂಟ್‌ಕೇಸೂ ಮಾತಾಡುತ್ತೆ!

ಹತ್ತು ದಿನಕ್ಕೆ ಬಂದಿದ್ದೇನೆ ಅನ್ನುವವರ ಸೂಟ್‌ಕೇಸಿನಲ್ಲಿ ಕುಕ್ಕರ್, ಒಗ್ಗರಣೆ ಡಬ್ಬಿ, ಮಿಕ್ಸಿ, ಆರು ತಿಂಗಳಿಗಾಗುವಷ್ಟು ಸಾರಿನ ಪುಡಿ ಇದ್ದರೆ ಯಾರಿಗೂ ಅನುಮಾನ ಬರುತ್ತದೆ. ಚಟ್ನಿಪುಡಿ, ಸ್ವಲ್ಪ ಚಕ್ಕುಲಿ ಒಯ್ಯಿರಿ, ಸಂಸಾರ ಒಯ್ಯಬೇಡಿ. ಗಸಗಸೆಯನ್ನಂತೂ ಮನೆಯಲ್ಲೇ ಬಿಡಿ. ನಮಗದು ಪಾಯಸದ ಸಾಮಾನು, ಆದರೆ ಸಿಂಗಪುರ, ದುಬೈಗಳಲ್ಲಿ ನಿಷಿದ್ಧ. ದಾರಿಯಲ್ಲಿ ಅಲ್ಲಿ ವಿಮಾನ ಬದಲಿಸುವವರಿಗಂತೂ ಇದು ನೆನಪಿರಲೇಬೇಕು. ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ, ಅದರ ಮೂಲ ಪೊಟ್ಟಣದಲ್ಲೇ ಇಟ್ಟುಕೊಳ್ಳಿ. "ನಮ್ಮ ಮಗನಿಗೆ ಇದೊಂದು ಪಾರ್ಸಲ್ ತಲುಪಿಸಮ್ಮ" ಎಂದು ಯಾರೇ ಕೊಟ್ಟರೂ, ಎಷ್ಟೇ ಹತ್ತಿರದವರಾದರೂ, ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಮಾದಕವಸ್ತುವಿನ ವಿಷಯದಲ್ಲಿ ಆ ದೇಶಗಳ ಕಾನೂನು ಬಹಳ ಕಠಿಣ.

ಕೈಚೀಲದ ಫೈಲಿನಲ್ಲಿ ಇವಿರಲಿ

* ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್. ಟಿಕೆಟ್ಟಿನಲ್ಲಿರುವ ಹೆಸರು ಅದರಂತೆಯೇ ಇರಬೇಕು. ಮದುವೆಗೆ ಮುಂಚಿನ ಇನಿಷಿಯಲ್, ಆಮೇಲಿನ ಸರ್‌ನೇಮ್ ಅಂತ ಗೊಂದಲ ಬೇಡ.

* ವಾಪಸ್ ಟಿಕೆಟ್, ಮುದ್ರಿಸಿದ ಪ್ರತಿ. ಮೊಬೈಲ್ ಚಾರ್ಜ್ ಸರಿಯಾದ ಹೊತ್ತಿಗೇ ಕೈಕೊಡುತ್ತದೆ.

* ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್. ಇಳಿಯುವ ಮುಂಚಿನ ಮೂರು ದಿನದೊಳಗೆ ಅಲ್ಲಿನ ಇಮಿಗ್ರೇಷನ್ ಇಲಾಖೆಯ ತಾಣದಲ್ಲಿ ತುಂಬಬೇಕು. ಪ್ರತಿ ಪ್ರಯಾಣಕ್ಕೂ ಹೊಸದಾಗಿ. ಇದು ಉಚಿತ, ದುಡ್ಡು ಕೇಳುವ ತಾಣ ನಕಲಿ ಎಂದು ತಿಳಿಯಿರಿ.

* ಗಂಡನ ಪಾಸ್‌ಪೋರ್ಟ್ ಮತ್ತು ಕೆಲಸದ ಪಾಸಿನ ಪ್ರತಿ, ಮನೆ ಬಾಡಿಗೆ ಕರಾರಿನ ಪ್ರತಿ, ನಿಮ್ಮನ್ನು ಕರೆಸಿಕೊಳ್ಳುತ್ತಿದ್ದೇನೆ, ಖರ್ಚು ನನ್ನದು ಎಂದು ಬರೆದ ಒಂದು ಪುಟದ ಪತ್ರ.

* ವಿವಾಹ ನೋಂದಣಿ ಪ್ರಮಾಣಪತ್ರ. ಛತ್ರದ ಫೋಟೊ, ಲಗ್ನಪತ್ರಿಕೆ ಲೆಕ್ಕಕ್ಕೆ ಬರುವುದಿಲ್ಲ! ಇನ್ನೂ ಮಾಡಿಸಿಲ್ಲವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೇ ಮಾಡಿಸಿ.

* ನಿಮ್ಮ ಹೆಸರಿನ ಖಾತೆಯ ಸ್ಟೇಟ್‌ಮೆಂಟ್, ಹೊರದೇಶದಲ್ಲಿ ನಡೆಯುವ ಕಾರ್ಡ್, ಸ್ವಲ್ಪ ನಗದು. ಎಲ್ಲ ದುಡ್ಡೂ ಅವರ ಹೆಸರಿನಲ್ಲೇ ಇದ್ದರೆ ಕೌಂಟರಿನಲ್ಲಿ ನೀವು ಬರಿಗೈ.

* ಊರಿಗೆ ಮರಳುವಿರಿ ಎನ್ನುವುದಕ್ಕೆ ಒಂದು ಆಧಾರ: ಮಕ್ಕಳ ಶಾಲೆಯ ರಜಾ ಪಟ್ಟಿ, ನಿಮ್ಮ ಹೆಸರಿನ ಮನೆ ಕಂದಾಯ ರಸೀದಿ, ಹೀಗೆ ಏನಾದರೂ.

ಮಕ್ಕಳನ್ನು ಒಬ್ಬರೇ ಕರೆದೊಯ್ಯುವಾಗ ಜನನ ಪ್ರಮಾಣಪತ್ರವನ್ನೂ, ಅಪ್ಪನ ಒಪ್ಪಿಗೆ ಪತ್ರವನ್ನೂ ಜೊತೆಗಿಡಿ. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಗುರುತು ಇರುತ್ತದೆ. ಮಲೇಷ್ಯಾ, ಥಾಯ್ಲೆಂಡ್, ಕೊಲ್ಲಿ ದೇಶಗಳು ಸೇರಿದಂತೆ ಹದಿನೆಂಟು ದೇಶಗಳಿಗೆ ಕೆಲಸಕ್ಕಾಗಿ ಹೋಗುವವರಿಗೆ ಅದು ಅನ್ವಯ. ಗಂಡನನ್ನು ನೋಡಲು ಹೋಗುವವರಿಗೆ ಆ ಅನುಮತಿ ಬೇಕಿಲ್ಲ. ಆದರೂ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರಶ್ನೆ ಬರಬಹುದು, ಇದೇ ಫೈಲ್ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಪಕ್ಕದ ದೇಶಕ್ಕೆ ಹೋಗಿ ಬಂದರಾಯ್ತಲ್ಲ?

30 ದಿನ ಮುಗಿಯುತ್ತಾ ಬಂದಾಗ ಥಾಯ್ಲೆಂಡ್ ಗಡಿ ದಾಟಿ ಎರಡು ದಿನ ಇದ್ದು ಮತ್ತೆ ಒಳಗೆ ಬರುವ ಉಪಾಯಕ್ಕೆ ವೀಸಾ ರನ್ ಎನ್ನುತ್ತಾರೆ. ಅಧಿಕಾರಿಗಳಿಗೆ ಇದು ಅತಿ ಪರಿಚಿತ ಆಟ. ಥಾಯ್ಲೆಂಡನ್ನೇ ತೆಗೆದುಕೊಳ್ಳಿ. 2023ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಬಿಟ್ಟರು. 2024ರ ಜುಲೈನಲ್ಲಿ ಅದನ್ನು 60 ದಿನಕ್ಕೆ ಏರಿಸಿದರು. 2025ರ ನವೆಂಬರ್ ಹೊತ್ತಿಗೆ, ಸರಿಯಾದ ಕಾರಣವಿಲ್ಲದೆ ಎರಡಕ್ಕಿಂತ ಹೆಚ್ಚು ಸಲ ವೀಸಾ ರನ್ ಮಾಡಿದವರನ್ನು ತಡೆಯುತ್ತೇವೆ ಎಂದು ಅಲ್ಲಿನ ಇಮಿಗ್ರೇಷನ್ ಇಲಾಖೆ ಎಚ್ಚರಿಸಿತು. ಎರಡೇ ವರ್ಷದಲ್ಲಿ ಎಷ್ಟು ಬದಲಾವಣೆ ನೋಡಿ! ಹಾಗಾಗಿ ಹೋದ ಸಲದ ನಿಯಮ ಈ ಸಲಕ್ಕೂ ಇದೆ ಎಂದುಕೊಳ್ಳಬೇಡಿ. ಟಿಕೆಟ್ ತೆಗೆಯುವ ಮುಂಚೆ ಪ್ರತಿ ಬಾರಿಯೂ ಆ ದೇಶದ ರಾಯಭಾರ ಕಚೇರಿಯ ತಾಣ ನೋಡಿ. ನಮಗೆ ಬೇಕಾದಷ್ಟು ಸಲ ಹೋಗಿ ಬರುವ ಸಲಿಗೆ ಇರುವುದು ನೇಪಾಳದಂಥ ಕಡೆ ಮಾತ್ರ. ಅಲ್ಲಿ 1950ರ ಒಪ್ಪಂದದ ಬಲವಿದೆ.

ತಡೆದೇಬಿಟ್ಟರೆ?

ಒಳಗೆ ಬಿಡುವುದಿಲ್ಲ ಎಂದು ತೀರ್ಮಾನಿಸಿದರೆ ಮಲೇಷ್ಯಾದಲ್ಲಿ ನಾಟ್ ಟು ಲ್ಯಾಂಡ್ ಎಂಬ ನೋಟಿಸ್ ಕೊಡುತ್ತಾರೆ. ಸಾಮಾನ್ಯವಾಗಿ ಕರೆತಂದ ವಿಮಾನ ಕಂಪನಿಯ ಮುಂದಿನ ವಿಮಾನದಲ್ಲೇ ವಾಪಸ್. ಅಲ್ಲಿಯವರೆಗೆ ನಿಲ್ದಾಣದೊಳಗೇ ಕಾಯಬೇಕು.

ಅಳು ಬರುತ್ತದೆ, ಸಹಜ. ಆದರೆ ಕೂಗಾಡಬೇಡಿ, ಯಾರಿಗೂ ದುಡ್ಡು ಕೊಡುವ ಮಾತೆತ್ತಬೇಡಿ. ಕಾರಣವೇನು ಎಂದು ವಿನಯವಾಗಿ ಕೇಳಿ. ಫೈಲ್ ತೋರಿಸಿ, ಗಂಡನ ಫೋನ್ ನಂಬರ್ ಕೊಟ್ಟು ಮಾತಾಡಿಸಿ ಎಂದು ಬೇಡಿಕೊಳ್ಳಿ. ಓದದೆ, ಅರ್ಥವಾಗದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕೌಲಾಲಂಪುರದಲ್ಲಿರುವ ಭಾರತದ ಹೈಕಮಿಷನ್ನಿನ ನಂಬರನ್ನು ಹೊರಡುವ ಮುಂಚೆಯೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅವರು ತೀರ್ಮಾನ ಬದಲಿಸಲಾರರು, ಆದರೆ ನೀವು ಒಂಟಿಯಲ್ಲ ಎಂಬ ಧೈರ್ಯ ಬರುತ್ತದೆ. ಕೊಟ್ಟ ಕಾಗದಗಳನ್ನು ಜೋಪಾನ ಮಾಡಿ.

ಹೋದದ್ದು ಟಿಕೆಟ್ ದುಡ್ಡು ಮಾತ್ರವಲ್ಲ. ನಾಳೆ ಬ್ರಿಟನ್ನಿಗೋ, ಕೆನಡಾಕ್ಕೋ, ಆಸ್ಟ್ರೇಲಿಯಾಕ್ಕೋ ಮಗಳ ಬಾಣಂತನಕ್ಕೆ ಹೊರಟಾಗ, ಯಾವುದಾದರೂ ದೇಶ ನಿಮ್ಮನ್ನು ಒಳಗೆ ಬಿಡದೆ ಕಳಿಸಿದ್ದುಂಟೇ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಹೌದು ಎಂದೇ ಬರೆದು ಕಾರಣ ವಿವರಿಸಬೇಕು. ಮುಚ್ಚಿಟ್ಟರೆ ಚಿಕ್ಕ ತಪ್ಪು ದೊಡ್ಡದಾಗುತ್ತದೆ.

ರಾಜಮಾರ್ಗ ಇದೆಯಲ್ಲ!

ಪದೇ ಪದೇ ಹೋಗಲೇಬೇಕಾದ ಪರಿಸ್ಥಿತಿ ಇದ್ದರೆ ವೀಸಾ ವಿನಾಯಿತಿಯನ್ನು ಎಳೆದಾಡುವ ಬದಲು ಡಿಪೆಂಡೆಂಟ್ ಪಾಸ್ ಕೇಳಿ. ಅಲ್ಲಿ ಎಂಪ್ಲಾಯ್‌ಮೆಂಟ್ ಪಾಸ್ ಇರುವವರ ಹೆಂಡತಿ, ಮಕ್ಕಳಿಗಾಗಿ ಇರುವ ವ್ಯವಸ್ಥೆ ಇದು. ಅರ್ಜಿ ಹಾಕುವುದು ಗಂಡನ ಕಂಪನಿ. ಸಂಬಳ ಮತ್ತು ಪಾಸಿನ ವರ್ಗ ನೋಡಿ ಅರ್ಹತೆ ನಿರ್ಧಾರವಾಗುವುದರಿಂದ ಅವರ ಎಚ್‌ಆರ್ ವಿಭಾಗದಲ್ಲಿ ವಿಚಾರಿಸಲು ಹೇಳಿ. ವಿವಾಹ ಪ್ರಮಾಣಪತ್ರದ ಅಟೆಸ್ಟೇಷನ್‌ಗೆ ಓಡಾಟ, ಸಮಯ ಬೇಕು. ಆದರೆ ಒಮ್ಮೆ ಕೈಗೆ ಬಂದರೆ ಪ್ರತಿ ಸಲ ಎದೆ ಢವಢವ ಎನ್ನುವುದು ತಪ್ಪುತ್ತದೆ.

ಎಷ್ಟೋ ಗಂಡಂದಿರು "ಈಗ ಯಾಕೆ, ವೀಸಾ ಇಲ್ಲದೆ ನಡೀತಿದೆಯಲ್ಲ" ಎಂದು ತಳ್ಳಿಹಾಕುತ್ತಾರೆ. ಅವರಿಗೆ ಅದೊಂದು ಅರ್ಜಿ. ಆದರೆ ಕೌಂಟರಿನಲ್ಲಿ ನಿಂತು ಉತ್ತರ ಕೊಡಬೇಕಾದವರು ನೀವು. ಹಾಗಾಗಿ ಈ ಮಾತನ್ನು ಗಟ್ಟಿಯಾಗಿಯೇ ಆಡಿ. ಅವರ ಹೊಸ ಒಪ್ಪಂದಕ್ಕೆ ಸಹಿ ಬೀಳುವ ಮುನ್ನವೇ ಕುಟುಂಬದ ಪಾಸಿನ ಬಗ್ಗೆ ಕೇಳಿದರೆ ಕೆಲಸ ಇನ್ನೂ ಸಲೀಸು.

ನಿಶ್ಚಿತಾರ್ಥ ಆಗಿರುವ ಹುಡುಗಿಯರಿಗೂ ಒಂದು ಕಿವಿಮಾತು. ಭಾವಿ ಪತಿಗೆ ಕಾನೂನಿನ ಕಣ್ಣಲ್ಲಿ ನೀವಿನ್ನೂ ಸ್ನೇಹಿತೆ ಮಾತ್ರ, ಡಿಪೆಂಡೆಂಟ್ ಪಾಸ್ ಸಿಗುವುದಿಲ್ಲ. ಭೇಟಿ ಕಡಿಮೆ ಮಾಡಿ, ನಿಮ್ಮ ಕಚೇರಿಯ ರಜೆ ಪತ್ರ ಒಯ್ಯಿರಿ. ಒಂದು ಸಲ ನೀವು ಹೋದರೆ ಮುಂದಿನ ಸಲ ಅವರೇ ಬರಲಿ. ಈ ಸಲಹೆ ಮದುವೆಯಾದವರಿಗೂ ಹೊಂದುತ್ತದೆ. ಅವರ ವಾರ್ಷಿಕ ರಜೆ ಗೌರಿ ಗಣೇಶನಿಗೋ ದೀಪಾವಳಿಗೋ ಬೀಳುವಂತೆ ನೋಡಿಕೊಂಡರೆ ಅತ್ತೆ-ಮಾವನಿಗೂ ಮಗನ ಮುಖ ನೋಡಿದಂತಾಗುತ್ತದೆ.

ಈ ವಾರ ಒಂದು ಕೆಲಸ ಮಾಡಿ. ಪಾಸ್‌ಪೋರ್ಟ್ ತೆಗೆದು, ಕಳೆದ ಒಂದು ವರ್ಷದಲ್ಲಿ ಅಲ್ಲೆಷ್ಟು ದಿನ, ಇಲ್ಲೆಷ್ಟು ದಿನ ಎಂದು ಎರಡು ಸಾಲಿನಲ್ಲಿ ಬರೆಯಿರಿ. ಅಲ್ಲಿನ ಸಾಲು ಉದ್ದವಾಗಿದ್ದರೆ ಮುಂದಿನ ಟಿಕೆಟ್ಟಿಗೆ ಮೊದಲು ಗಂಡನಿಗೆ ಫೋನ್ ಮಾಡಿ, "ರೀ, ಆ ಪಾಸಿನ ಅರ್ಜಿ ಎಲ್ಲಿಗೆ ಬಂತು?" ಅಂತ ಕೇಳಿ.